ಕಾಜು ಹಿಂದಿ ಪದವೇ ಅಲ್ಲ. ಹಾಗಾದ್ರೆ ಗೇರು ಯಾರದ್ದು?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಮಂಗಳೂರಿನಿಂದ ಮಾತಾಡ್ತಾ ಇದ್ದೇನೆ. ಬಸ್ಸಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತವರು, ಪಾತ್ರೆ ತೊಳೀತಾ ಕೇಳುವವರು, ಕೇಳೋಕೆ ಪುರುಸೊತ್ತಿಲ್ಲದೆ ಇಲ್ಲಿ ಓದ್ತಾ ಇರುವವರು, ಎಲ್ಲರಿಗೂ ಇವತ್ತಿನ ವಿಷಯ ತಿನ್ನುವಂಥದ್ದೇ.

ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಅವರ ಸಿಟ್ಟು ಇಷ್ಟು: "ನಮ್ಮೂರಿನ ಅಂಗಡಿಯಲ್ಲೂ ಈಗ ಕಾಜು ಅಂತಲೇ ಬರೀತಾರೆ. ಗೇರುಬೀಜ ಅಂದ್ರೆ ಹಳ್ಳಿಯವರು ಅನ್ನೋ ಹಾಗೆ ನೋಡ್ತಾರೆ. ಇದು ಹಿಂದಿ ಹೇರಿಕೆ ಅಲ್ವಾ?"

ಪ್ರಶ್ನೆ ಚೆನ್ನಾಗಿ ಉಂಟು. ಉತ್ತರ ಸ್ವಲ್ಪ ಉದ್ದ. ಚುಟುಕಾಗಿ ಹೇಳುವುದಾದ್ರೆ, ಕಾಜು ಅನ್ನೋದು ಹುಟ್ಟಿನಿಂದ ಹಿಂದಿ ಪದ ಅಲ್ಲ. ಅದು ಹಡಗು ಹತ್ತಿ ಬಂದ ಪದ. ಇನ್ನೊಂದು ಕಡೆ, ನಾವು ನಮ್ಮದು ಅಂತ ಹಿಡಿದುಕೊಂಡಿರುವ ಗೇರು ಮತ್ತು ಗೋಡಂಬಿ ಎರಡೂ ಶುರುವಿನಲ್ಲಿ ಈ ಬೀಜದ ಹೆಸರುಗಳೇ ಅಲ್ಲ. ಅವು ಬೇರೆ ಒಂದು ಮರದ್ದು. ಆ ಮರ ಯಾವುದು, ಅದರ ಹೆಸರು ಇದಕ್ಕೆ ಯಾಕೆ ಬಂತು ಅನ್ನೋದೇ ಇವತ್ತಿನ ಕತೆ.

ಬ್ರೆಜಿಲಿನಲ್ಲಿ ಕಾಜು ಅಂದ್ರೆ ಹಣ್ಣು

ಮೊದಲು ಕಾಜುವಿನ ಹಿಂದೆ ಹೋಗುವ.

ಗೇರು ಮರದ ತವರು ನಮ್ಮ ಕರಾವಳಿ ಅಲ್ಲ, ಬ್ರೆಜಿಲ್. ಅಲ್ಲಿನ ಕಡಲ ತೀರದಲ್ಲಿ ಟುಪಿ ಭಾಷೆ ಆಡುತ್ತಿದ್ದ ಮೂಲನಿವಾಸಿಗಳು ಇದನ್ನು 'ಅಕಾಜು' ಅಂತ ಕರೀತಿದ್ರು. 1500ರಲ್ಲಿ ಪೋರ್ಚುಗೀಸರ ಹಡಗುಗಳು ಅಲ್ಲಿ ಹೋಗಿ ಮುಟ್ಟಿದವು. ಅವರ ಬಾಯಲ್ಲಿ ಆ ಪದ 'ಅಕಾಜು' ಮತ್ತು 'ಕಾಜು' ಎರಡೂ ಆಯಿತು. ಅವರು ಬರೆಯುವಾಗ ಹಾಕುವ 'ಜ' ನಮ್ಮ ಜ ಅಲ್ಲ, 'ಝ'ಗೆ ಹತ್ತಿರದ ಒಂದು ಶಬ್ದ. ಇಂಗ್ಲಿಷರ ಕಿವಿಗೆ ಅದು 'ಕ್ಯಾಶ್ಯೂ' ಅಂತ ಕೇಳಿತು. ಫ್ರೆಂಚರಲ್ಲಿ 'ಕಾಜೂ', ಮಲಯ ಭಾಷೆಯಲ್ಲಿ 'ಗಾಜುಸ್'. ನಮ್ಮ ದೇಶದಲ್ಲಿ ಮರಾಠಿ, ಗುಜರಾತಿ, ಹಿಂದಿ ಎಲ್ಲ ಕಡೆ 'ಕಾಜು'. ಅಂದ್ರೆ ಇಂಗ್ಲಿಷಿನ ಕ್ಯಾಶ್ಯೂ ಮತ್ತು ಹಿಂದಿಯ ಕಾಜು ಒಂದೇ ತಾಯಿಯ ಮಕ್ಕಳು.

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಿ, ಮುಂದೆ ಬೇಕಾಗ್ತದೆ. ಇವತ್ತಿಗೂ ಬ್ರೆಜಿಲಿನಲ್ಲಿ ಯಾರಾದ್ರೂ ಕಾಜು ಅಂದ್ರೆ ಅವರ ತಲೆಯಲ್ಲಿ ಬರೋದು ಹಣ್ಣು. ಆ ಕೆಂಪು, ಹಳದಿ ಬಣ್ಣದ ರಸ ತುಂಬಿದ ಹಣ್ಣು. ಅಲ್ಲಿ ಕಾಜು ಜ್ಯೂಸ್ ಸಾಮಾನ್ಯ ಪಾನೀಯ. ಬೀಜ ಬೇಕಿದ್ರೆ 'ಕಾಜುವಿನ ಬೀಜ' ಅಂತ ಬಿಡಿಸಿ ಹೇಳಬೇಕು, ನಾವು 'ಗೇರುಬೀಜ' ಅಂದ ಹಾಗೆ. ಹಿಂದಿಗೆ ಬಂದಾಗ ಮಾತ್ರ ಹಣ್ಣು ಕಾಣೆಯಾಯಿತು, ಹಣ್ಣಿನ ಹೆಸರು ಬೀಜಕ್ಕೆ ಅಂಟಿಕೊಂಡಿತು.

ಯಾಕೆ? ಗೇರು ಹಣ್ಣು ತಿಂದವರಿಗೆ ಗೊತ್ತುಂಟು. ಮರದಿಂದ ಬಿದ್ದ ಹಣ್ಣು ಒಂದು ದಿನ ಸರಿಯಾಗಿ ಉಳಿಯೋದಿಲ್ಲ. ಬೆಳಿಗ್ಗೆ ಹೆಕ್ಕಿದ್ದು ಸಂಜೆಗೆ ಮೆತ್ತಗಾಗಿ ಹುಳಿ ವಾಸನೆ ಬರ್ತದೆ. ಆದರೆ ಬೀಜವನ್ನು ಒಣಗಿಸಿ ಗೋಣಿಯಲ್ಲಿ ತುಂಬಿಸಿದ್ರೆ ತಿಂಗಳುಗಟ್ಟಲೆ ಇರ್ತದೆ. ಹಾಗಾಗಿ ಕಡಲ ತೀರದಿಂದ ದೆಹಲಿ, ಲಖನೌ ಕಡೆ ಹೋಗಿದ್ದು ಬೀಜ ಮಾತ್ರ. ಅಲ್ಲಿನವರು ಮರ ನೋಡಲಿಲ್ಲ, ಹಣ್ಣಿನ ಒಗರು ಗೊತ್ತಾಗಲಿಲ್ಲ. ಬಿಳಿ ಬೀಜ ಬಂತು, ಅದರ ಜೊತೆಗೆ ವ್ಯಾಪಾರಿ ಹೇಳಿದ ಹೆಸರು ಬಂತು. ದೀಪಾವಳಿಗೆ ಡಬ್ಬದಲ್ಲಿ ಬರುವ ಕಾಜು ಕತ್ಲಿಯಲ್ಲಿ ಇರೋದು ಆ ಹೆಸರೇ, ಟುಪಿ ಜನರ ಪದ.

15 ವರ್ಷದ ಒಂದು ಕಿಂಡಿ

ಗೇರು ಭಾರತಕ್ಕೆ ಯಾವಾಗ ಬಂತು? 16ನೇ ಶತಮಾನದಲ್ಲಿ, ಪೋರ್ಚುಗೀಸರ ಜೊತೆ. ಇನ್ನೂ ಹತ್ತಿರ ಹೋಗಿ ನೋಡಬೇಕಾದ್ರೆ ಎರಡು ಪುಸ್ತಕಗಳು ಉಂಟು.

ಮೊದಲನೆಯದು 1563ರಲ್ಲಿ ಗೋವಾದಲ್ಲಿ ಅಚ್ಚಾದ ಪುಸ್ತಕ. ಬರೆದವರು ಗಾರ್ಸಿಯಾ ದ ಒರ್ತಾ ಎಂಬ ವೈದ್ಯರು. ಅವರು ಭಾರತದ ಔಷಧಿ ಗಿಡಗಳನ್ನು ಒಂದೊಂದಾಗಿ ವಿವರಿಸುತ್ತಾರೆ. ಅದರಲ್ಲಿ ಗೇರುಬೀಜದ ಮಾತೇ ಇಲ್ಲ. ಎರಡನೆಯದು 1578ರದ್ದು, ಕ್ರಿಸ್ತೊವಾವ್ ದ ಕೋಸ್ತಾ ಎಂಬ ಇನ್ನೊಬ್ಬ ವೈದ್ಯರದ್ದು. ಅದರಲ್ಲಿ ಕಾಜು ಹಣ್ಣು ಇದೆ. ಅದು ಎಲ್ಲ ಕಡೆ ಸಿಗೋದಿಲ್ಲ, ಕೊಚ್ಚಿಯ ತೋಟಗಳಲ್ಲಿ ಉಂಟು ಅಂತ ಅವರು ಬರೆದಿದ್ದಾರೆ. ಎರಡು ಪುಸ್ತಕಗಳ ನಡುವೆ 15 ವರ್ಷ. ಆ ಹೊತ್ತಿಗೆ ಗೇರು ನಮ್ಮ ಪಶ್ಚಿಮ ಕರಾವಳಿಯಲ್ಲಿ ಇನ್ನೂ ಹೊಸ ಅತಿಥಿ, ತೋಟದಲ್ಲಿ ಸಾಕುವ ಗಿಡ.

ಈಗ ಮಜಾ ನೋಡಿ. ಒರ್ತಾ ಅವರ ಪುಸ್ತಕದಲ್ಲಿ ಗೇರುಬೀಜ ಇಲ್ಲ ಅಂದೆ. ಆದರೆ 'ಅನಕಾರ್ಡೊ' ಅನ್ನೋ ಒಂದು ಬೀಜದ ಬಗ್ಗೆ ಅಧ್ಯಾಯವೇ ಉಂಟು. ಈ ಅನಕಾರ್ಡೊ ಯಾವುದು ಗೊತ್ತಾ? ನಮ್ಮ ಹಳೇ ಗೇರು. ಅಸಲಿ ಗೇರು.

ಅಸಲಿ ಗೇರು ಯಾವುದು?

ಮಂಗಳೂರಿನ ಮಾರ್ಕೆಟಲ್ಲಿ ನಿಂತರೆ ಈ ಒಂದು ಬೀಜಕ್ಕೆ ಕಮ್ಮಿ ಅಂದ್ರೂ ನಾಲ್ಕು ಹೆಸರು ಕಿವಿಗೆ ಬೀಳ್ತದೆ. ಕನ್ನಡದಲ್ಲಿ ಮಾತಾಡುವವರು ಗೇರುಬೀಜ ಅಂತಾರೆ. ತುಳುವಿನಲ್ಲಿ ಬರೇ 'ಬೀಜ' ಅಂದ್ರೂ ಸಾಕು, ಪಾಯಸಕ್ಕೆ ಬೀಜ ಹಾಕು ಅಂದ್ರೆ ಯಾವ ಬೀಜ ಅಂತ ಯಾರೂ ಕೇಳೋದಿಲ್ಲ. ಕೊಂಕಣಿಯವರ ಮನೆಯಲ್ಲಿ 'ಬಿಬ್ಬೊ'. ತೊಂಡೆಕಾಯಿ ಮತ್ತು ಎಳೆ ಗೇರುಬೀಜದ ತೆಂಡ್ಲೆ ಬಿಬ್ಬೊ ಉಪ್ಕರಿ ಇಲ್ಲದ ಕೊಂಕಣಿ ಮದುವೆ ಊಟ ಕಮ್ಮಿ. ಘಟ್ಟದ ಮೇಲಿನವರು ಬಂದ್ರೆ ಗೋಡಂಬಿ ಕೇಳ್ತಾರೆ.

ಇದರಲ್ಲಿ ಗೇರು, ಬಿಬ್ಬೊ, ಗೋಡಂಬಿ, ಈ ಮೂರೂ ಒಂದೇ ಹಳೇ ಮರದ ಕಡೆ ಬೆರಳು ತೋರಿಸುತ್ತವೆ.

ಆ ಮರಕ್ಕೆ ಈಗ ನಾವು ಕರಿಗೇರು, ಕಾಡುಗೇರು ಅಂತ ಹೇಳ್ತೇವೆ. ಸಂಸ್ಕೃತದಲ್ಲಿ ಭಲ್ಲಾತಕ, ಹಿಂದಿಯಲ್ಲಿ ಭಿಲಾವಾ. ಇದು ನಮ್ಮ ದೇಶದ್ದೇ ಮರ. ಚರಕ, ಸುಶ್ರುತ ಸಂಹಿತೆಗಳಲ್ಲೇ ಇದರ ಉಲ್ಲೇಖ ಇದೆ. ಇದರ ಕಾಯಿ ಕಪ್ಪು, ಹೊಳಪು. ಸಿಪ್ಪೆಯೊಳಗೆ ಒಂದು ದಪ್ಪ ರಸ. ಆ ರಸ ಬಟ್ಟೆಗೆ ತಾಗಿದ್ರೆ ಕಪ್ಪು ಕಲೆ, ಎಷ್ಟು ಒಗೆದರೂ ಹೋಗೋದಿಲ್ಲ. ಹಾಗಾಗಿ ಮಡಿವಾಳರು ಯಾರ ಬಟ್ಟೆ ಯಾವುದು ಅಂತ ಗುರುತು ಹಾಕಲಿಕ್ಕೆ ಇದನ್ನೇ ಬಳಸ್ತಿದ್ರು. ಇಂಗ್ಲಿಷಿನಲ್ಲಿ ಇದರ ಹೆಸರೇ ಮಾರ್ಕಿಂಗ್ ನಟ್. ಆ ರಸ ಚರ್ಮಕ್ಕೆ ತಾಗಿದ್ರೆ ಬೊಕ್ಕೆ ಏಳ್ತದೆ, ಸುಟ್ಟ ಹಾಗೆ ಆಗ್ತದೆ.

ಕನ್ನಡದಲ್ಲಿ ಇದರ ಹಳೇ ರೂಪ 'ಕೇರು'. ನಮ್ಮ ಮಂಗಳೂರಿನಲ್ಲೇ, ಬಾಸೆಲ್ ಮಿಶನ್ನಿನವರು 1894ರಲ್ಲಿ ಅಚ್ಚು ಹಾಕಿದ ಕಿಟ್ಟೆಲ್ ನಿಘಂಟು ಕೇರು ಅನ್ನೋದಕ್ಕೆ ಕೊಡೋದು ಈ ಗುರುತು ಹಾಕುವ ಕಾಯಿಯ ಮರವನ್ನೇ. ಮಲಯಾಳದಲ್ಲಿ ಅದೇ ಮರ 'ಚೇರು', ತಮಿಳಿನಲ್ಲಿ ಕಾಯಿಗೆ 'ಚೇರಾಂಕೊಟ್ಟೈ'. ಕನ್ನಡದ ಕೇರು ಅಲ್ಲಿ ಚೇರು ಹೇಗಾಯಿತು ಅಂತ ಆಶ್ಚರ್ಯ ಬೇಡ. ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕೇರಿ ಅವರಿಗೆ ಚೇರಿ, ಪುದುಚೇರಿಯ ಚೇರಿ ಉಂಟಲ್ಲ, ಅದೇ. ಕನ್ನಡದಲ್ಲಿ 'ಕ' ಇದ್ದ ಕಡೆ ಅವರಲ್ಲಿ 'ಚ' ಆಗೋದು ಒಂದು ನಿಯಮದ ಹಾಗೆ ನಡೆದಿದೆ. ಈ ಬದಲಾವಣೆ ಬಹಳ ಹಳೇದು, ಸಾವಿರ ವರ್ಷಕ್ಕೂ ಎಷ್ಟೋ ಹಿಂದಿನದು. ಅಂದ್ರೆ ಬ್ರೆಜಿಲಿನ ಮರ ಇಲ್ಲಿಗೆ ಬರುವ ಎಷ್ಟೋ ಮೊದಲೇ ಕೇರು ಅನ್ನುವ ಪದ ನಮ್ಮಲ್ಲಿ ಇತ್ತು. ಪದ ಇತ್ತು, ಈ ಬೀಜ ಇರಲಿಲ್ಲ.

ಇನ್ನೊಂದು ಸಾಕ್ಷಿ ಬೇಕಾ? ಮಲೆನಾಡಿನವರನ್ನು ಕೇಳಿ, ಹೊಲಗೇರು ಅಂತ ಒಂದು ಕಾಡು ಮರ ಉಂಟು. ಅದರ ಸೊನೆ ತಾಗಿದ್ರೂ ಮೈ ಉರಿದು ಬೊಕ್ಕೆ ಏಳ್ತದೆ. ಅದಕ್ಕೂ ಬ್ರೆಜಿಲಿಗೂ ಏನೂ ಸಂಬಂಧ ಇಲ್ಲ. ಆದರೂ ಹೆಸರಲ್ಲಿ ಗೇರು. ಹಾಗಾದ್ರೆ ಗೇರು ಅಂದ್ರೆ ಬರೇ ಒಂದು ಮರ ಅಲ್ಲ, ಮುಟ್ಟಿದ್ರೆ ಸುಡುವ ಮರಗಳ ಮನೆತನದ ಹೆಸರಿನ ಹಾಗೆ ಅದು ಕೆಲಸ ಮಾಡ್ತಾ ಬಂದಿದೆ.

ಗೋಡಂಬಿ ಮತ್ತು ಬಿಬ್ಬೊ

ಈಗ ಗೋಡಂಬಿಗೆ ಬರುವ. ಇವತ್ತು ಮಹಾರಾಷ್ಟ್ರದ ಅಂಗಡಿಗೆ ಹೋಗಿ ಗೋಡಂಬಿ ಕೊಡಿ ಅಂದ್ರೆ ನಿಮಗೆ ಕಾಜು ಕೊಡೋದಿಲ್ಲ. ಅಲ್ಲಿ ಗೋಡಂಬಿ ಅಂದ್ರೆ ಈ ಹಳೇ ಕರಿಗೇರಿನ ಕಾಯಿ ಒಡೆದು ತೆಗೆದ ತಿರುಳು. ಸುಡುವ ಸಿಪ್ಪೆ ಹೋದ ಮೇಲೆ ಒಳಗಿನ ತಿರುಳು ತಿನ್ನಬಹುದು, ರುಚಿಯೂ ಉಂಟು. ಚಳಿಗಾಲದ ಅಂಟಿನ ಲಾಡಿಗೆ ಹಾಕ್ತಾರೆ. ಆ ಮರದ ಕಾಯಿಗೆ ಮರಾಠಿಯಲ್ಲಿ ಹೆಸರು 'ಬಿಬ್ಬಾ'. ನಮ್ಮ ಕೊಂಕಣಿಯವರ ಬಿಬ್ಬೊ ಪಕ್ಕದಲ್ಲಿ ಇಟ್ಟು ನೋಡಿ, ಬೇರೆ ವಿವರಣೆ ಬೇಕಾಗೋದಿಲ್ಲ.

ತೆಲುಗಿನಲ್ಲೂ ಇದೇ ಕತೆ. ಅಲ್ಲಿ ಗೇರುಬೀಜಕ್ಕೆ 'ಜೀಡಿಪಪ್ಪು'. ಜೀಡಿ ಅಂದ್ರೆ ಮೂಲದಲ್ಲಿ ಹಳೇ ಗುರುತಿನ ಕಾಯಿ. ಹೊಸದು ಬಂದು ಹೆಸರನ್ನು ತಗೊಂಡ ಮೇಲೆ ಹಳೇದನ್ನು 'ನಲ್ಲ ಜೀಡಿ', ಅಂದ್ರೆ ಕರಿ ಜೀಡಿ ಅನ್ನಬೇಕಾಯಿತು. ನಾವು ಕರಿಗೇರು ಅಂದ ಹಾಗೆಯೇ.

ಹೊಸಬ ಬಂದು ಹಳಬನ ಹೆಸರು ತಗೊಳ್ಳೋದು, ಹಳಬ ತನ್ನ ಹೆಸರಿಗೆ ಬಾಲ ಸೇರಿಸಿಕೊಳ್ಳೋದು. ಇದು ಅಡಿಗೆಮನೆಯಲ್ಲಿ ಇನ್ನೊಂದು ಕಡೆಯೂ ಆಗಿದೆ. ಮೆಣಸು ಅಂದ್ರೆ ನಮ್ಮಲ್ಲಿ ಮೊದಲು ಕರಿ ಕಾಳಿನ ಮೆಣಸು ಮಾತ್ರ. ಅಮೆರಿಕದಿಂದ ಕೆಂಪು ಮೆಣಸು ಬಂತು, ಅದಕ್ಕೂ ಖಾರ, ಹಾಗಾಗಿ ಅದೂ ಮೆಣಸು. ಈಗ ದಕ್ಷಿಣ ಕನ್ನಡದಲ್ಲಿ ಮೆಣಸು ಅಂದ್ರೆ ಹೊಸತು, ಹಳೇದನ್ನು 'ಒಳ್ಳೆಮೆಣಸು' ಅನ್ನಬೇಕು. ಬೆಂಗಳೂರಿನ ರೂಮ್‌ಮೇಟಿಗೆ ಒಳ್ಳೆಮೆಣಸು ತಾ ಅಂದಾಗ, ಹಾಗಾದ್ರೆ ಕೆಟ್ಟ ಮೆಣಸು ಯಾವುದು ಅಂತ ಕೇಳಿದ್ರೆ ಈ ಕತೆ ಹೇಳಿ.

ಅಜ್ಜಿಯಂದಿರೂ ಲಿನೇಯಸ್ ಸಾಹೇಬರೂ

ಹೊಸ ಮರಕ್ಕೆ ಹಳೇ ಗೇರಿನ ಹೆಸರು ಕೊಟ್ಟವರು ಯಾರು? ಯಾವ ಪಂಡಿತರೂ ಅಲ್ಲ. ತೋಟದಲ್ಲಿ, ಗುಡ್ಡೆಯಲ್ಲಿ ಕೆಲಸ ಮಾಡುವ ಜನ. ಅವರು ನೋಡಿದ್ದು ಎರಡು ವಿಷಯ.

ಒಂದು, ಕಾಯಿ ಇರುವ ಜಾಗ. ಬೇರೆ ಹಣ್ಣಲ್ಲಿ ಬೀಜ ಹೊಟ್ಟೆಯೊಳಗೆ ಇರ್ತದೆ. ಇದರಲ್ಲಿ ಹೊರಗೆ, ಹಣ್ಣಿನ ತುದಿಯಲ್ಲಿ ನೇತಾಡ್ತದೆ. ನಾವು ಹಣ್ಣು ಅನ್ನೋದು ನಿಜವಾಗಿ ಉಬ್ಬಿದ ತೊಟ್ಟು, ಅಸಲಿ ಕಾಯಿ ಅಂದ್ರೆ ಕೆಳಗಿನ ಬೀಜವೇ. ಕರಿಗೇರಿನಲ್ಲೂ ಹಾಗೆಯೇ, ಕಿತ್ತಳೆ ಬಣ್ಣದ ಸಣ್ಣ ತಿರುಳಿನ ತೊಟ್ಟು, ಅದರ ತುದಿಗೆ ಕಪ್ಪು ಕಾಯಿ. ಎರಡು, ಸಿಪ್ಪೆಯ ಎಣ್ಣೆ. ಎರಡೂ ಸುಡುತ್ತವೆ. ಇಷ್ಟು ಸಾಕಾಯಿತು: ಇದೂ ಗೇರೇ.

ಈಗಿನ ಸಸ್ಯಶಾಸ್ತ್ರ ಹೇಳೋದೂ ಅದನ್ನೇ. ಎರಡೂ ಒಂದೇ ಕುಟುಂಬ. ಮಾವು ಕೂಡ ಅದೇ ಕುಟುಂಬ. ಮಾವಿನ ಸೊನೆ ತಾಗಿ ತುಟಿ ಸುಲಿದುಕೊಂಡವರಿಗೆ ಈ ನೆಂಟಸ್ತಿಕೆ ಚರ್ಮದಲ್ಲೇ ಗೊತ್ತಾಗಿರ್ತದೆ. ಮಲಯಾಳಿಗಳು ಗೇರು ಮರವನ್ನು 'ಪರಂಗಿಮಾವು' ಅಂದ್ರು, ಪರಂಗಿಯವರ ಮಾವು. ಅವರ ಅಂದಾಜೂ ತಪ್ಪಲ್ಲ.

1753ರಲ್ಲಿ ಸ್ವೀಡನ್ನಿನ ಲಿನೇಯಸ್ ಜಗತ್ತಿನ ಗಿಡಗಳಿಗೆಲ್ಲ ಶಾಸ್ತ್ರೀಯ ಹೆಸರು ಇಡುವಾಗ ಈ ಮರಕ್ಕೆ ಇಟ್ಟ ಹೆಸರು 'ಅನಕಾರ್ಡಿಯಂ ಆಕ್ಸಿಡೆಂಟಾಲೆ'. ಅನಕಾರ್ಡಿಯಂ ಎಲ್ಲಿ ಕೇಳಿದ್ದೇವೆ? ಒರ್ತಾ ಅವರ ಪುಸ್ತಕದಲ್ಲಿ. ಯುರೋಪಿನ ಔಷಧಿ ಅಂಗಡಿಗಳಲ್ಲಿ ಶತಮಾನಗಳಿಂದ ಅದು ಭಾರತದ ಕರಿಗೇರಿನ ಹೆಸರು. ಆಕ್ಸಿಡೆಂಟಾಲೆ ಅಂದ್ರೆ ಪಶ್ಚಿಮದ್ದು. ಒಟ್ಟಿಗೆ ಓದಿದ್ರೆ 'ಪಶ್ಚಿಮದ ಗೇರು'. ನಮ್ಮ ಕರಾವಳಿಯ ಅಜ್ಜಿಯಂದಿರು ಮಾಡಿದ್ದನ್ನೇ ಲಿನೇಯಸ್ ಲ್ಯಾಟಿನ್ನಿನಲ್ಲಿ ಮಾಡಿದ್ರು. ಪಾಪ, ಅಸಲಿ ಕರಿಗೇರಿಗೆ ಮತ್ತೆ ಬೇರೆ ಹೆಸರು ಹುಡುಕಬೇಕಾಯಿತು. ಈಗ ಅದು 'ಸೆಮೆಕಾರ್ಪಸ್ ಅನಕಾರ್ಡಿಯಂ', ಗುರುತು ಹಾಕುವ ಕಾಯಿ ಅಂತ ಅರ್ಥ ಬರುವ ಗ್ರೀಕ್ ಪದ ಮುಂದೆ, ಹಳೇ ಹೆಸರು ಹಿಂದೆ.

ಇಲ್ಲಿಗೆ ಒಂದು ಪ್ರಶ್ನೆ ಏಳಬೇಕು. ಭಿಲಾವಾ ಮರ ಉತ್ತರ ಭಾರತದಲ್ಲೂ ಬೆಳೀತದೆ, ಹಿಂದಿಯವರಿಗೂ ಗೊತ್ತು. ಅವರು ಯಾಕೆ ಗೇರುಬೀಜಕ್ಕೆ ಭಿಲಾವಾ ಅನ್ನಲಿಲ್ಲ? ನನಗೆ ತೋರೋದು ಇಷ್ಟು: ಸುಲಿದು ಬಿಳಿ ಮಾಡಿದ ಬೀಜ ನೋಡಿದ್ರೆ ಭಿಲಾವಾ ನೆನಪಾಗುವ ಯಾವ ಗುರುತೂ ಉಳಿದಿರೋದಿಲ್ಲ. ಮರ ನೋಡಿದವರಿಗೆ, ಸಿಪ್ಪೆ ಮುಟ್ಟಿದವರಿಗೆ ಮಾತ್ರ ಆ ಹೋಲಿಕೆ ಕಾಣ್ತದೆ. ಇದು ಎಲ್ಲ ಕಡೆ ಹೊಂದುವ ನಿಯಮ ಅಲ್ಲ. ಗೋವಾ, ಕೊಂಕಣದಲ್ಲಿ ಮರವೂ ಉಂಟು, ಕಾಜು ಅನ್ನುವ ಹೆಸರೂ ಉಂಟು. ಅಲ್ಲಿ ಪೋರ್ಚುಗೀಸರ ಬಾಯಿಂದಲೇ ಪದ ಕೇಳುವಷ್ಟು ಹತ್ತಿರ ಇದ್ರು. ಬಂಗಾಳದಲ್ಲಿ ಇನ್ನೂ ಬೇರೆ, ಹಿಜಲಿ ಕರಾವಳಿಯಿಂದ ಬರ್ತದೆ ಅಂತ 'ಹಿಜಲಿ ಬಾದಾಮ್' ಅಂದ್ರು.

ಹೆಸರಿನೊಳಗಿನ ಉರಿ

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಮಂಗಳೂರಿನಲ್ಲಿ ಈ 'ಸುಡುವ' ವಿಷಯ ನಿಘಂಟಿನ ವಿಷಯ ಅಲ್ಲ. ಅದು ಕೂಲಿಯ ವಿಷಯ.

1920ರ ದಶಕದಲ್ಲಿ ಪಿಯರ್ಸ್ ಲೆಸ್ಲಿ ಕಂಪನಿ ಮಂಗಳೂರಿನಲ್ಲಿ ಗೇರುಬೀಜ ಸಂಸ್ಕರಣೆ ಶುರು ಮಾಡಿತು. ಅಲ್ಲಿಂದ ಇಲ್ಲಿಯವರೆಗೆ ನಗರದ ಸುತ್ತ, ಉಡುಪಿ, ಕಾರ್ಕಳ, ಕುಂದಾಪುರದವರೆಗೆ ಎಷ್ಟೋ ಕಾರ್ಖಾನೆಗಳು ಬಂದವು. 1978ರಲ್ಲಿ ಸರ್ಕಾರದ ಗೇರು ಅಭಿವೃದ್ಧಿ ನಿಗಮ ಮಂಗಳೂರಿನಲ್ಲೇ ಶುರುವಾಯಿತು. ಗೇರು ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಪಕ್ಕದ ಪುತ್ತೂರಿನಲ್ಲಿ ಉಂಟು. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಅಮ್ಮ, ಅಕ್ಕ, ದೊಡ್ಡಮ್ಮ ಯಾರಾದ್ರೂ ಒಬ್ಬರು 'ಬೀಜದ ಫ್ಯಾಕ್ಟರಿ'ಗೆ ಹೋಗಿ ಬಂದವರೇ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು.

ಒಳಗೆ ಏನಾಗ್ತದೆ ಅಂದ್ರೆ, ಹಸಿ ಬೀಜವನ್ನು ಒಣಗಿಸಿ, ಹಬೆಯಲ್ಲಿ ಬೇಯಿಸಿ ಸಿಪ್ಪೆ ಮೆದು ಮಾಡ್ತಾರೆ. ಆಮೇಲೆ ಒಂದೊಂದೇ ಬೀಜ ಯಂತ್ರದ ಎರಡು ಬ್ಲೇಡುಗಳ ನಡುವೆ ಇಟ್ಟು, ಕಾಲಲ್ಲಿ ಒತ್ತಿ, ಕೈಯಲ್ಲಿ ತಿರುಗಿಸಿ ಒಡೀತಾರೆ. ಒಳಗಿನ ತಿರುಳು ತುಂಡಾಗಬಾರದು. ಇಡೀ ಬೀಜಕ್ಕೆ ಒಂದು ರೇಟು, ಹೋಳಿಗೆ ಬೇರೆ, ನುಚ್ಚಿಗೆ ಇನ್ನೂ ಕಮ್ಮಿ. ಆಮೇಲೆ ಬಿಸಿಗೆ ಒಣಗಿಸಿ, ಮೇಲಿನ ಕಂದು ಸಿಪ್ಪೆ ಸುಲಿದು, ಗಾತ್ರ ನೋಡಿ ಬೇರೆ ಮಾಡೋದು. ಈಗ ಹಲವು ಕಡೆ ಇದಕ್ಕೆಲ್ಲ ಸ್ವಯಂಚಾಲಿತ ಯಂತ್ರ ಬಂದಿದೆ. ಆದರೂ ಕೈ ಪೂರ್ತಿ ಬಿಟ್ಟು ಹೋಗಿಲ್ಲ.

ಒಡೆಯುವಾಗ ಸಿಪ್ಪೆಯ ಎಣ್ಣೆ ಕೈಗೆ ತಾಗ್ತದೆ. ಅದರಲ್ಲಿ ಅನಕಾರ್ಡಿಕ್ ಆಮ್ಲ ಅಂತ ಒಂದು ಇದೆ. ನೋಡಿ, ಹಳೇ ಹೆಸರು ಇಲ್ಲೂ ಬಂತು. ಅದೂ, ಅದರ ಜೊತೆಗಿನ ಇನ್ನು ಕೆಲವು ರಾಸಾಯನಿಕಗಳೂ ಚರ್ಮವನ್ನು ಸುಟ್ಟು ಕಪ್ಪು ಮಾಡ್ತವೆ. ಅದಕ್ಕೇ ಒಡೆಯುವವರು ಕೈಗೆ ಹರಳೆಣ್ಣೆ ಅಥವಾ ಬೂದಿ ಹಚ್ಚಿಕೊಂಡು ಕೂರುವ ಕ್ರಮ. ಆದರೂ ಬೆರಳ ತುದಿ ಕಪ್ಪಾಗ್ತದೆ, ಚರ್ಮ ಸುಲೀತದೆ. ಇದೇ ಎಣ್ಣೆಯನ್ನು ನಮ್ಮಲ್ಲಿ ಗೇರೆಣ್ಣೆ ಅಂತ ಗೆದ್ದಲು ಹಿಡಿಯದ ಹಾಗೆ ಮರಕ್ಕೆ, ದೋಣಿಗೆ ಬಳೀತಾರೆ. ಕಾರ್ಖಾನೆಗಳಿಗೆ ಹೋಗಿ ಅದು ಪೈಂಟ್ ಆಗ್ತದೆ, ಗಾಡಿಗಳ ಬ್ರೇಕ್ ಲೈನಿಂಗಿಗೂ ಸೇರ್ತದೆ. ಗೆದ್ದಲನ್ನು ದೂರ ಇಡುವ ವಸ್ತು ಮನುಷ್ಯರ ಕೈಗೆ ಮೆತ್ತಗೆ ಇರ್ತದಾ?

ಒಂದು ಲೆಕ್ಕ ಹೇಳ್ತೇನೆ. ಪ್ಯಾಕೆಟ್ ಮೇಲೆ 'ಡಬ್ಲ್ಯೂ 320' ಅಂತ ಇರ್ತದೆ, ನೋಡಿರಬಹುದು. ಡಬ್ಲ್ಯೂ ಅಂದ್ರೆ ಬಿಳಿ, ಇಡೀ ಬೀಜ. 320 ಅಂದ್ರೆ ಒಂದು ಪೌಂಡಿಗೆ 300ರಿಂದ 320 ಬೀಜ. ಡಬ್ಲ್ಯೂ 240 ಅಂದ್ರೆ ಅದಕ್ಕಿಂತ ದೊಡ್ಡದು, ಡಬ್ಲ್ಯೂ 180 ಇನ್ನೂ ದೊಡ್ಡದು. ನಂಬರ್ ಕಮ್ಮಿ ಆದಷ್ಟು ರೇಟು ಜಾಸ್ತಿ. ಕಿಲೋ ಲೆಕ್ಕದಲ್ಲಿ ಹೇಳೋದಾದ್ರೆ ಡಬ್ಲ್ಯೂ 320ರ ಒಂದು ಕಿಲೋದಲ್ಲಿ 660ರಿಂದ 700 ಬೀಜ. ಕೈಯಲ್ಲಿ ಒಡೆಯುವ ಕಡೆ ಒಂದು ಕಿಲೋ ಅಂದ್ರೆ ಯಾರೋ ಒಬ್ಬರು ಅಷ್ಟು ಸಲ ಆ ಸುಡುವ ಸಿಪ್ಪೆ ಮುಟ್ಟಿದ್ದಾರೆ ಅಂತ ಅರ್ಥ. ಹಲವು ಕಡೆ ಕೂಲಿ ಲೆಕ್ಕ ಹಾಕೋದು ಕೂಡ ಎಷ್ಟು ಕಿಲೋ ಒಡೆದ್ರು, ಎಷ್ಟು ಕಿಲೋ ಸುಲಿದ್ರು ಅಂತಲೇ.

ಮತ್ತೊಂದು ವಿಚಿತ್ರ. ಇಷ್ಟು ಕಾರ್ಖಾನೆಗಳಿಗೆ ನಮ್ಮ ಗುಡ್ಡೆಯ ಗೇರು ಸಾಕಾಗೋದಿಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ಆಫ್ರಿಕಾದಿಂದ, ತಾಂಜಾನಿಯಾ, ಐವರಿ ಕೋಸ್ಟ್, ಬೆನಿನ್ ಮುಂತಾದ ದೇಶಗಳಿಂದ ಹಸಿ ಬೀಜ ಬರ್ತದೆ. ಪೂರ್ವ ಆಫ್ರಿಕಾಕ್ಕೆ ಈ ಮರ ತಲುಪಿಸಿದ್ದೂ ಪೋರ್ಚುಗೀಸರೇ. ನಾಲ್ಕೂವರೆ ಶತಮಾನ ಆದ್ರೂ ಗೇರು ಹಡಗಲ್ಲೇ ಬರ್ತಾ ಇದೆ.

ಹಾಗಾದ್ರೆ ಯಾವುದು ಹೇಳಬೇಕು?

ಕೇಳುಗರ ಪ್ರಶ್ನೆಗೆ ವಾಪಸ್ ಬರುವ. ಕಾಜು ಹಿಂದಿ ಹೇರಿಕೆಯಾ?

ಪದವಾಗಿ ನೋಡಿದ್ರೆ ಕಾಜು ಮೇಲೆ ಸಿಟ್ಟು ಮಾಡ್ಲಿಕ್ಕೆ ಕಾರಣ ಇಲ್ಲ. ಹಿಂದಿಯೂ ಅದನ್ನು ಸಾಲ ತಗೊಂಡದ್ದು. ಸಾಲ ತಗೊಳ್ಳೋದು ಅವಮಾನವೂ ಅಲ್ಲ. ನಾವು ಅನಾನಸು ಅಂತೇವಲ್ಲ, ಅದೂ ಅದೇ ಬ್ರೆಜಿಲ್ ಕಡೆಯ ಮೂಲನಿವಾಸಿಗಳ ಪದ, ಅದೇ ಪೋರ್ಚುಗೀಸರ ಹಡಗಲ್ಲಿ ಬಂದದ್ದು. ಅನಾನಸು ಗೊಜ್ಜು ಬಡಿಸಿಕೊಂಡು ಕಾಜುವಿಗೆ ಬೈದರೆ ಆಗ್ತದಾ ಮಾರಾಯ್ರೆ?

ಆದರೆ ಗೇರುಬೀಜ ಅಂದ್ರೆ ಹಳ್ಳಿಯವರು ಅನ್ನುವ ನೋಟ ಉಂಟಲ್ಲ, ಅದು ಬೇರೆ ವಿಷಯ. ಅದನ್ನು ನಾನು ಒಪ್ಪೋದಿಲ್ಲ. ಪ್ಯಾಕೆಟ್ ನೋಡಿದವರ ಪದ ಕಾಜು. ಮರ ನೋಡಿದವರ ಪದ ಗೇರು. ಆ ಹೆಸರಲ್ಲಿ ಒಂದು ಎಚ್ಚರಿಕೆ ಉಂಟು: ಜಾಗ್ರತೆ, ಇದು ಆ ಸುಡುವ ಮರದ ನೆಂಟ. ಎಳೆ ಬೀಜ ಬಿಡಿಸಿ ವಾರಗಟ್ಟಲೆ ಕೈ ಸುಲಿದುಕೊಂಡವರ ಅನುಭವ, ಫ್ಯಾಕ್ಟರಿಯಲ್ಲಿ ಬೆರಳು ಕಪ್ಪಾದವರ ಅನುಭವ, ಎಲ್ಲ ಆ ಎರಡು ಅಕ್ಷರದಲ್ಲಿ ಮೊದಲೇ ಬರೆದಿಟ್ಟ ಹಾಗೆ ಉಂಟು. ಆ ಪದ ಅಂಗಡಿ ಬೋರ್ಡಿಂದ ಹೋದ್ರೆ ಭಾಷೆಗೆ ಒಂದು ಪದ ನಷ್ಟ ಅಷ್ಟೇ ಅಲ್ಲ. ಈ ಬಿಳಿ ಬೀಜದ ಹಿಂದೆ ಒಂದು ಸುಡುವ ಸಿಪ್ಪೆ ಇತ್ತು, ಅದನ್ನು ಯಾರೋ ತೆಗೆದ್ರು ಅನ್ನುವ ನೆನಪೂ ಹೋಗ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ. ಕಾಜು ಕತ್ಲಿಗೆ ಕಾಜು ಕತ್ಲಿ ಅಂತಲೇ ಹೇಳಿ, ಅದನ್ನು ಗೇರು ಕತ್ಲಿ ಮಾಡುವ ಅಗತ್ಯ ಇಲ್ಲ. ಆದರೆ ಅಂಗಡಿಯಲ್ಲಿ ಗೇರುಬೀಜ ಕೊಡಿ ಅಂತ ಕೇಳಲಿಕ್ಕೆ ನಾಚಿಕೆ ಬೇಡ. ಮನೆಯಲ್ಲಿ ಬಿಬ್ಬೊ ಅಂತಾರಾದ್ರೆ ಬಿಬ್ಬೊ ಅನ್ನಿ, ಗೋಡಂಬಿ ಅಂತಾರಾದ್ರೆ ಗೋಡಂಬಿ. ಅವೆಲ್ಲ ಒಂದೇ ಮರವನ್ನು ನೋಡಿ ಹೇಳಿದ ಮಾತುಗಳು.

ಕೊನೆಗೆ ಒಂದು ಕೆಲಸ ಕೊಡ್ತೇನೆ. ಮನೆಯಲ್ಲಿ ಹಿರಿಯರು ಇದ್ರೆ ಕೇಳಿ: ಕರಿಗೇರು ನೋಡಿದ್ದೀರಾ, ಬಟ್ಟೆಗೆ ಗುರುತು ಹಾಕಿದ್ದು ನೆನಪುಂಟಾ, ಬೀಜದ ಫ್ಯಾಕ್ಟರಿಗೆ ಯಾರಾದ್ರೂ ಹೋಗಿದ್ರಾ, ಆಗ ಕೈಗೆ ಎಂತ ಹಚ್ಚಿಕೊಳ್ತಿದ್ರು? ನಿಮ್ಮ ಮನೆಯಲ್ಲಿ ಈ ಬೀಜಕ್ಕೆ ಬೇರೆ ಹೆಸರೇ ಇದ್ರೆ ಅದನ್ನೂ ವಾಯ್ಸ್ ಮೆಸೇಜ್ ಮಾಡಿ ಕಳಿಸಿ, ಹಿರಿಯರ ದನಿಯಲ್ಲೇ ಇದ್ರೆ ಇನ್ನೂ ಖುಷಿ. ಮತ್ತೆ ಬೇಸಿಗೆಯಲ್ಲಿ ಗುಡ್ಡೆಗೆ ಹೋದಾಗ ಹಸಿ ಬೀಜವನ್ನು ಹಲ್ಲಲ್ಲಿ ಕಚ್ಚಿ ಒಡೀಬೇಡಿ. ಸುಟ್ಟು ತಿನ್ನುವುದಾದ್ರೂ ಎಣ್ಣೆ ಸಿಡೀತದೆ, ಹೊಗೆಯೂ ಉರೀತದೆ, ಸ್ವಲ್ಪ ದೂರ ನಿಲ್ಲಿ.

ಮುಂದಿನ ಸಂಚಿಕೆಯಲ್ಲಿ ಸಿಗುವ. ನಮಸ್ಕಾರ.